ಯುದ್ಧದಲ್ಲಿ ಸತ್ತ ವೈಕಿಂಗರೆಲ್ಲ ವಲ್ಹಲ್ಲಾಕ್ಕೆ ಹೋಗುತ್ತಿದ್ದರೇ?

ಪ್ರಶ್ನೆ: ವೈಕಿಂಗರ ಕುರಿತ ಧಾರಾವಾಹಿಗಳಲ್ಲಿ ಸಾಯುತ್ತಿರುವ ಯೋಧ ಕತ್ತಿ ಹಿಡಿದೇ ಪ್ರಾಣ ಬಿಡಬೇಕೆಂದು ಹಂಬಲಿಸುತ್ತಾನೆ. ಇಲ್ಲದಿದ್ದರೆ ವಲ್ಹಲ್ಲಾ ಸಿಗುವುದಿಲ್ಲ ಎನ್ನುತ್ತಾನೆ. ಇದು ನಿಜವೇ? ವಲ್ಹಲ್ಲಾ ಎಂದರೆ ನಮ್ಮ ವೀರಸ್ವರ್ಗವೇ? ಹಾಸಿಗೆ ಹಿಡಿದು ಸತ್ತವರ ಗತಿ ಏನಾಗುತ್ತಿತ್ತು? ಈ ನಂಬಿಕೆಯಿಂದಾಗಿಯೇ ಅವರಿಗೆ ಸಾವಿನ ಭಯ ಇರಲಿಲ್ಲವೇ?

ಉತ್ತರ: ಕೈಯಲ್ಲಿ ಕತ್ತಿ ಇರಲೇಬೇಕು ಎಂಬ ನಿಯಮ ವೈಕಿಂಗರ ಭಾಷೆಯಾದ ಹಳೆಯ ನಾರ್ಸ್‌ನ ಕಾವ್ಯಗಳಲ್ಲಿ ಇಲ್ಲ. ‘ಗ್ರಿಮ್ನಿಸ್ಮಾಲ್’ ಎಂಬ ಕಾವ್ಯ ಹೇಳುವುದು ಇಷ್ಟು: ಓಡಿನ್ ದೇವನು ಪ್ರತಿದಿನ ‘ಆಯುಧದಿಂದ ಸತ್ತವರನ್ನು’ ಆರಿಸಿಕೊಳ್ಳುತ್ತಾನೆ. ಅಲ್ಲಿ ಲೆಕ್ಕಕ್ಕೆ ಬರುವುದು ಸತ್ತವನ ಮೈಮೇಲಿನ ಗಾಯ, ಅವನ ಹಿಡಿಯಲ್ಲಿದ್ದ ಕತ್ತಿ ಲೆಕ್ಕಕ್ಕಿಲ್ಲ. ಜೊತೆಗೆ ‘ಆರಿಸಿಕೊಳ್ಳುತ್ತಾನೆ’ ಎಂಬ ಕ್ರಿಯಾಪದವನ್ನು ಗಮನಿಸಿ. ವಲ್ಹಲ್ಲಾ ಯಾರೂ ದುಡಿದು ಗಳಿಸಿಕೊಳ್ಳುವ ಫಲವಲ್ಲ. ಓಡಿನ್ ತನಗೆ ಬೇಕಾದವರನ್ನು ಕರೆಸಿಕೊಳ್ಳುವ ಜಾಗ ಅದು. ಆ ಹೆಸರೇ ಅದನ್ನು ಹೇಳುತ್ತದೆ: ‘ವಲ್’ ಎಂದರೆ ರಣದಲ್ಲಿ ಬಿದ್ದ ಹೆಣಗಳು, ‘ಹೊಲ್’ ಎಂದರೆ ಹಜಾರ. ‘ವಾಲ್ಕಿರಿ’ ಎಂದರೆ ಬಿದ್ದವರನ್ನು ಆಯ್ಕೆ ಮಾಡುವವಳು.

ಮುಂದಿನದು ಸರಿಯಾಗಿ ಅರ್ಥವಾಗಬೇಕಾದರೆ ಯಾವ ಮಾತು ಯಾವ ಕಾಲದ್ದು ಎಂಬುದು ಗೊತ್ತಿರಬೇಕು. ಈ ವಿಷಯದಲ್ಲಿ ಆಗುವ ತಪ್ಪುಗಳಲ್ಲಿ ಹೆಚ್ಚಿನವು ಕಾಲ ಬೆರೆಸುವುದರಿಂದಲೇ ಆಗುತ್ತವೆ. ವಲ್ಹಲ್ಲಾದ ಅಚ್ಚುಕಟ್ಟಾದ ಚಿತ್ರ ನಮಗೆ ಸಿಕ್ಕಿರುವುದು ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ 1220ರ ಸುಮಾರಿಗೆ ಬರೆದ ಗದ್ಯ ಎಡ್ಡಾದಿಂದ. ಆತ ಕ್ರೈಸ್ತ. ಐಸ್‌ಲ್ಯಾಂಡ್ ಕ್ರೈಸ್ತ ಮತಕ್ಕೆ ಬಂದು ಆಗಲೇ ಇನ್ನೂರು ವರ್ಷ ದಾಟಿತ್ತು. ಹಳೆಯ ಕಾವ್ಯದ ರೂಪಕಗಳು ತರುಣ ಕವಿಗಳಿಗೆ ಅರ್ಥವಾಗಲಿ ಎಂದು ಆತ ಬರೆದದ್ದು ಒಂದು ಕೈಪಿಡಿ. ಹೀಗಾಗಿ ಚದುರಿ ಬಿದ್ದಿದ್ದ ಕಥೆಗಳನ್ನು ಒಂದಕ್ಕೊಂದು ಹೊಂದಿಸಿ ಜೋಡಿಸಿದ. ಅವನು ಆಧರಿಸಿದ, ಗ್ರಿಮ್ನಿಸ್ಮಾಲ್‌ನಂಥ ಎಡ್ಡಾ ಕಾವ್ಯಗಳು ಅವನಿಗಿಂತ ಹಳೆಯವು. ಆದರೆ ಅವುಗಳ ಮುಖ್ಯ ಹಸ್ತಪ್ರತಿಯಾದ ಕೊಡೆಕ್ಸ್ ರೇಜಿಯಸ್ ಬರೆದದ್ದು 1270ರ ಆಸುಪಾಸಿನಲ್ಲಿ. ಡೆನ್ಮಾರ್ಕಿನ ವಶದಲ್ಲಿದ್ದ ಆ ಪ್ರತಿ 1971ರಲ್ಲಿ ಐಸ್‌ಲ್ಯಾಂಡಿಗೆ ಮರಳಿತು. ಇವೆರಡಕ್ಕಿಂತ ಗಟ್ಟಿ ಸಾಕ್ಷ್ಯ ಎಂದರೆ ಹತ್ತನೆಯ ಶತಮಾನದಲ್ಲಿ ನಿಜವಾದ ರಾಜರು ಸತ್ತಾಗ ಆಸ್ಥಾನ ಕವಿಗಳು ಕಟ್ಟಿದ ಚರಮಗೀತೆಗಳು. ಆಮೇಲೆ ಸಮಾಧಿಗಳು.

ಮೊದಲು ಹಜಾರವನ್ನು ನೋಡೋಣ. ಗ್ರಿಮ್ನಿಸ್ಮಾಲ್ ಪ್ರಕಾರ ಅದರ ಜಂತೆಗಳು ಭರ್ಜಿಯ ಕೋಲುಗಳು, ಮಾಡಿಗೆ ಹೊದಿಸಿರುವುದು ಗುರಾಣಿ, ಬೆಂಚುಗಳ ಮೇಲೆ ಹಾಸಿರುವುದು ಕಬ್ಬಿಣದ ಬಳೆಗಳನ್ನು ಹೆಣೆದು ಮಾಡಿದ ಕವಚ. ಪಶ್ಚಿಮದ ಬಾಗಿಲ ಮುಂದೆ ತೋಳವೊಂದು ತೂಗುತ್ತದೆ, ಅದರ ಮೇಲೆ ಹದ್ದು ಬಾಗಿ ನೋಡುತ್ತಿರುತ್ತದೆ. ತೋಳ, ಹದ್ದು ಎರಡೂ ರಣರಂಗದ ಹೆಣ ತಿನ್ನುವ ಪ್ರಾಣಿಗಳು. ಈ ವಿವರಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ಇದು ಚಿನ್ನದ ಅರಮನೆಗಿಂತ ಯುದ್ಧ ಮುಗಿದ ಬಯಲಿಗೇ ಹೆಚ್ಚು ಹತ್ತಿರ. ಬಿದ್ದ ಭರ್ಜಿ, ಬಿದ್ದ ಗುರಾಣಿ, ಬಿದ್ದ ಕವಚ, ಕಾದು ಕುಳಿತ ತೋಳ. ರಣಭೂಮಿಯನ್ನೇ ಎತ್ತಿ ನಿಲ್ಲಿಸಿ ಮನೆ ಮಾಡಿದಂತಿದೆ.

ಅದೇ ಕಾವ್ಯದಲ್ಲಿ ಒಂದು ಲೆಕ್ಕವಿದೆ. ವಲ್ಹಲ್ಲಾಕ್ಕೆ ಐನೂರ ನಲವತ್ತು ಬಾಗಿಲು; ಕಡೆಯ ಯುದ್ಧದಲ್ಲಿ ತೋಳವೊಂದರ ಜೊತೆ ಕಾದಾಡಲು ಹೊರಡುವಾಗ ಒಂದೊಂದು ಬಾಗಿಲಿನಿಂದ ಎಂಟುನೂರು ಯೋಧರು ಒಟ್ಟಿಗೆ ಹೊರಬರುತ್ತಾರೆ. 540 ಅನ್ನು 800ರಿಂದ ಗುಣಿಸಿದರೆ 4,32,000. ನಮ್ಮವರ ಕಿವಿ ಇಲ್ಲಿ ನೆಟ್ಟಗಾಗುತ್ತದೆ, ಏಕೆಂದರೆ ಕಲಿಯುಗದ ವರ್ಷಗಳೂ ಅಷ್ಟೇ. ಈ ಹೋಲಿಕೆಯನ್ನು ಹಿಡಿದು ಬಹಳ ದೂರ ಹೋದವರಿದ್ದಾರೆ. ಆದರೆ ಹಳೆಯ ನಾರ್ಸ್ ಭಾಷೆಯಲ್ಲಿ ‘ಹುಂದ್ರಾದ್’ ಎಂಬ ಪದಕ್ಕೆ ಸಾಮಾನ್ಯವಾಗಿ ಇದ್ದ ಬೆಲೆ ನೂರಲ್ಲ, ನೂರ ಇಪ್ಪತ್ತು. ಆ ಲೆಕ್ಕದಲ್ಲಿ ಐದು ‘ನೂರು’ ಎಂದರೆ 600, ಮೇಲೆ ನಲವತ್ತು ಸೇರಿ 640 ಬಾಗಿಲು, ಎಂಟು ‘ನೂರು’ ಎಂದರೆ 960 ಜನ, ಗುಣಿಸಿದರೆ 6,14,400. ಕಲಿಯುಗದ ಹೊಂದಿಕೆ ಅಲ್ಲಿಗೆ ಕಳಚಿಹೋಗುತ್ತದೆ. ಕವಿಗೆ ಬೇಕಿದ್ದದ್ದು ಎಣಿಸಲಾಗದಷ್ಟು ದೊಡ್ಡ ಸೈನ್ಯ ಎಂಬ ಭಾವ.

ಆ ಸೈನಿಕರ ಹೆಸರು ಐನ್‌ಹೆರ್ಯರ್. ಬೆಳಗಾದರೆ ಅಂಗಳಕ್ಕಿಳಿದು ಒಬ್ಬರನ್ನೊಬ್ಬರು ಕಡಿಯುತ್ತಾರೆ, ಹಗಲೆಲ್ಲ ಕಾದಿ ಕುದುರೆಯೇರಿ ಮರಳಿ ಒಂದೇ ಪಂಕ್ತಿಯಲ್ಲಿ ಸಮಾಧಾನವಾಗಿ ಕೂರುತ್ತಾರೆ ಎಂದು ‘ವಾಫ್ಥ್ರೂದ್ನಿಸ್ಮಾಲ್’ ಕಾವ್ಯ ಹೇಳುತ್ತದೆ. ಅಡುಗೆಯವನ ಹೆಸರು ಆಂಡ್‌ಹ್ರಿಮ್ನಿರ್, ಕೊಪ್ಪರಿಗೆಯ ಹೆಸರು ಎಲ್ಡ್‌ಹ್ರಿಮ್ನಿರ್, ಅದರಲ್ಲಿ ಬೇಯುವ ಹಂದಿ ಸೆಹ್ರಿಮ್ನಿರ್. ದಿನವೂ ಬೇಯಿಸಿದರೂ ಆ ಹಂದಿ ಸಂಜೆಗೆ ಮತ್ತೆ ಇಡಿಯಾಗಿ ಎದ್ದು ನಿಲ್ಲುತ್ತದೆ ಎಂಬ ಮಾತು ಸ್ನೋರಿಯದು. ಹೆಯ್ದ್‌ರೂನ್ ಎಂಬ ಮೇಕೆ ಮಾಡಿನ ಮೇಲೆ ನಿಂತು ಲೆರಾದ್ ಮರದ ಸೊಪ್ಪು ಮೇಯುತ್ತದೆ. ಅದರ ಕೆಚ್ಚಲಿನಿಂದ ಸುರಿಯುವುದು ಹಾಲಲ್ಲ, ಜೇನಿನಿಂದ ಮಾಡಿದ ಮದ್ಯ. ವಾಲ್ಕಿರಿಯರು ಕೊಂಬಿನ ಪಾತ್ರೆಗಳಲ್ಲಿ ಅದನ್ನು ಬಡಿಸುತ್ತಾರೆ. ಓಡಿನ್ ಮಾತ್ರ ಊಟ ಮುಟ್ಟುವುದಿಲ್ಲ. ತನ್ನ ಪಾಲಿನ ಮಾಂಸವನ್ನು ಗೆರಿ, ಫ್ರೆಕಿ ಎಂಬ ಎರಡು ತೋಳಗಳಿಗೆ ಹಾಕಿ ಬರೀ ದ್ರಾಕ್ಷಾರಸದಲ್ಲಿ ಬದುಕುತ್ತಾನೆ.

(ಅಲ್ಲಿ ಶತ್ರುಗಳ ತಲೆಬುರುಡೆಯಲ್ಲಿ ಕುಡಿಯುತ್ತಿದ್ದರು ಎಂಬುದು ತಪ್ಪು ಅನುವಾದದಿಂದ ಹುಟ್ಟಿದ ಮಾತು. ‘ಕ್ರಾಕುಮಾಲ್’ ಎಂಬ ಕಾವ್ಯದಲ್ಲಿರುವುದು ‘ಬುರುಡೆಯ ಬಾಗಿದ ಕೊಂಬೆಗಳು’ ಎಂಬ ಒಗಟಿನಂಥ ರೂಪಕ. ಪ್ರಾಣಿಯ ತಲೆಯಿಂದ ಬೆಳೆದ ಕೊಂಬು ಎಂದು ಅರ್ಥ. ಡೆನ್ಮಾರ್ಕಿನ ಓಲೆ ವೋರ್ಮ್ 1636ರಲ್ಲಿ ಪ್ರಕಟಿಸಿದ ಲ್ಯಾಟಿನ್ ಅನುವಾದ ಅದನ್ನು ಕೊಂದವರ ಬುರುಡೆ ಎಂದು ಮಾಡಿತು. ಕೊಂಬಿನ ಶಿರಸ್ತ್ರಾಣವೂ ಹಾಗೆಯೇ, 1876ರಲ್ಲಿ ಬೈರಾಯ್ಟ್‌ನ ಒಪೆರಾ ರಂಗಕ್ಕೆ ಮಾಡಿದ ವೇಷಭೂಷಣದಿಂದ ಜನಪ್ರಿಯವಾದದ್ದು.)

ಈ ಕಾದಾಟ, ಈ ಊಟ ಯಾತಕ್ಕಾಗಿ? ಇಡೀ ನಂಬಿಕೆಯ ಗುಟ್ಟು ಇಲ್ಲಿದೆ. 954ರಲ್ಲಿ ಇಂಗ್ಲೆಂಡಿನ ಸ್ಟೇನ್‌ಮೋರ್‌ನಲ್ಲಿ ‘ರಕ್ತಗೊಡಲಿ’ ಎಂಬ ಬಿರುದಿನ ರಾಜ ಎರಿಕ್ ಸತ್ತ. ಅವನ ಮೇಲಿನ ಗೀತೆ ‘ಎಯ್ರಿಕ್ಸ್‌ಮಾಲ್’ ಆರಂಭವಾಗುವುದು ಓಡಿನ್ ಕಂಡ ಕನಸಿನಿಂದ. ನಸುಕಿನಲ್ಲೇ ಎದ್ದು ಯೋಧರನ್ನು ಎಬ್ಬಿಸಿದೆ, ಬೆಂಚುಗಳಿಗೆ ಹಾಸು ಹಾಸಿಸಿದೆ, ಬಟ್ಟಲು ತೊಳೆಸಿದೆ ಎನ್ನುತ್ತಾನೆ. ಮನೆಗೆ ದೊಡ್ಡ ನೆಂಟರು ಬರುವ ದಿನದ ಗಡಿಬಿಡಿ. ಹೊರಗೆ ಸಾವಿರ ಜನ ನಡೆದು ಬರುವ ಸದ್ದು. ಹಜಾರದಲ್ಲಿ ಪ್ರಶ್ನೆ ಏಳುತ್ತದೆ: ಎರಿಕ್ ಅಷ್ಟು ಶೂರನಾಗಿದ್ದರೆ ಅವನಿಂದ ಗೆಲುವನ್ನು ಕಸಿದುಕೊಂಡದ್ದೇಕೆ? ಓಡಿನ್ ಕೊಡುವ ಉತ್ತರ ಚಿಕ್ಕದು. ಯಾವಾಗ ಏನಾಗುವುದೋ ತಿಳಿಯದು, ಬೂದು ತೋಳ ದೇವತೆಗಳ ಮನೆಯತ್ತಲೇ ನೋಡುತ್ತಿದೆ.

ಆ ತೋಳ ಫೆನ್ರಿರ್. ರಾಗ್ನರೋಕ್ ಎಂಬ ಕಡೆಯ ಯುದ್ಧದಲ್ಲಿ ಅದು ಕಟ್ಟು ಹರಿದುಕೊಂಡು ಬಂದು ಓಡಿನ್‌ನನ್ನೇ ನುಂಗುತ್ತದೆ. ಅದು ಅವನಿಗೆ ಮೊದಲೇ ಗೊತ್ತು. ಗೊತ್ತಿದ್ದೂ ಸೈನ್ಯ ಕೂಡಿಸುತ್ತಿದ್ದಾನೆ. ಹೀಗಾಗಿ ಅವನಿಗೆ ಒಳ್ಳೆಯ ಯೋಧ ಬದುಕಿರುವುದಕ್ಕಿಂತ ಸಾಯುವುದೇ ಲಾಭ. ಓಡಿನ್ ತನ್ನ ಭಕ್ತರಿಗೇ ಏಕೆ ದ್ರೋಹ ಮಾಡುತ್ತಾನೆ, ಎಷ್ಟೋ ಯುದ್ಧ ಗೆಲ್ಲಿಸಿ ಒಂದು ದಿನ ಇದ್ದಕ್ಕಿದ್ದಂತೆ ಏಕೆ ಕೈಬಿಡುತ್ತಾನೆ ಎಂಬುದಕ್ಕೆ ಆ ಜನ ಕಂಡುಕೊಂಡ ವಿವರಣೆ ಇದು. ವೀರ ಹೆಲ್ಗಿಯ ಕಥೆಯಲ್ಲಂತೂ ಅವನನ್ನು ಕೊಲ್ಲಲು ಅವನ ಭಾವಮೈದುನ ಡಾಗ್‌ಗೆ ಓಡಿನ್ ತನ್ನ ಸ್ವಂತ ಭರ್ಜಿಯನ್ನೇ ಎರವಲು ಕೊಡುತ್ತಾನೆ. ವಲ್ಹಲ್ಲಾ ಮುಟ್ಟಿದ ಹೆಲ್ಗಿ ಅಲ್ಲಿ ಮಾಡುವ ಮೊದಲ ಕೆಲಸ ನೋಡಿ: ತಾನು ಕೊಂದಿದ್ದ ಹುಂಡಿಂಗ್‌ನನ್ನು ಕರೆದು ಎಲ್ಲರ ಕಾಲು ತೊಳೆಯಲು ನೀರು ತಾ, ಬೆಂಕಿ ಹಚ್ಚು, ನಾಯಿ ಕಟ್ಟು, ಹಂದಿಗೆ ಕಲಗಚ್ಚು ಹಾಕು ಎಂದು ಆಜ್ಞೆ ಮಾಡುತ್ತಾನೆ. ಆಳು-ಅರಸನ ಭೇದ ಸಾವಿನ ಆಚೆಗೂ ಉಳಿದಿತ್ತು. ಇನ್ನೊಂದು ಕಾವ್ಯದ ಚುಚ್ಚುಮಾತು ಇದನ್ನು ಇನ್ನೂ ಬಿಚ್ಚಿ ಹೇಳುತ್ತದೆ: ರಣದಲ್ಲಿ ಬಿದ್ದ ಶ್ರೀಮಂತರು ಓಡಿನ್ ಪಾಲಿಗೆ, ಜೀತದವರು ಥಾರ್ ಪಾಲಿಗೆ.

ಎರಿಕ್‌ನ ಮಲತಮ್ಮ ಹಾಕನ್ ಅವನನ್ನು ನಾರ್ವೆಯಿಂದ ಓಡಿಸಿ ರಾಜನಾಗಿದ್ದವನು. ಇಂಗ್ಲೆಂಡಿನ ರಾಜ ಎಥೆಲ್‌ಸ್ಟನ್‌ನ ಆಸ್ಥಾನದಲ್ಲಿ ಕ್ರೈಸ್ತನಾಗಿ ಬೆಳೆದಿದ್ದ. 961ರ ಸುಮಾರಿಗೆ ಫಿಟ್ಯರ್ ಎಂಬಲ್ಲಿ ಯುದ್ಧ ಗೆದ್ದರೂ ಗಾಯದಿಂದ ಸತ್ತ. ಕವಿ ಎಯ್ವಿಂಡ್ ಅವನ ಮೇಲೆ ಕಟ್ಟಿದ ‘ಹಾಕೊನರ್‌ಮಾಲ್’ ನನ್ನ ದೃಷ್ಟಿಯಲ್ಲಿ ವಲ್ಹಲ್ಲಾದ ಬಗ್ಗೆ ನಮಗೆ ಸಿಕ್ಕಿರುವ ಅತ್ಯಂತ ಸತ್ಯವಾದ ಪದ್ಯ. ಗೊಂಡುಲ್, ಸ್ಕೊಗುಲ್ ಎಂಬ ಇಬ್ಬರು ವಾಲ್ಕಿರಿಯರು ಕುದುರೆಯ ಮೇಲೆ ಭರ್ಜಿಗೆ ಒರಗಿ ಮಾತಾಡಿಕೊಳ್ಳುತ್ತಿರುವುದನ್ನು ಸಾಯುತ್ತಿರುವ ರಾಜ ಕೇಳಿಸಿಕೊಳ್ಳುತ್ತಾನೆ. ನಾವು ಗೆಲುವಿಗೆ ಯೋಗ್ಯರಿದ್ದೆವಲ್ಲ, ಯುದ್ಧವನ್ನು ಹೀಗೇಕೆ ಮುಗಿಸಿದೆ ಎಂದು ಕೇಳುತ್ತಾನೆ. ವಲ್ಹಲ್ಲಾದ ಬಾಗಿಲಿಗೆ ಬಂದರೂ ಅವನಿಗೆ ಖುಷಿಯಿಲ್ಲ. ಓಡಿನ್ ನಮ್ಮ ಮೇಲೆ ಮುನಿದಂತೆ ಕಾಣುತ್ತಾನೆ, ಅವನ ಮನಸ್ಸಿಗೆ ಅಂಜುತ್ತೇವೆ ಎನ್ನುತ್ತಾನೆ. ಇಲ್ಲಿ ನಿನಗೆ ಎಲ್ಲರ ಅಭಯವಿದೆ, ಕುಡಿ ಎಂದು ಕವಿದೇವ ಬ್ರಾಗಿ ಕರೆದರೂ ಆಯುಧಗಳನ್ನು ಕೊಡುವುದಿಲ್ಲ. ಶಿರಸ್ತ್ರಾಣವನ್ನೂ ಕವಚವನ್ನೂ ತಾನೇ ಜೋಪಾನವಾಗಿ ಇಟ್ಟುಕೊಳ್ಳಬೇಕು, ಕೈಗೆ ಸಿಗುವಂತಿರುವುದು ಒಳ್ಳೆಯದು ಎನ್ನುತ್ತಾನೆ. ಸತ್ತ ಮೇಲೂ ನಂಬಿಕೆ ಬರದ ಆತಿಥ್ಯ ಅದು.

ಈಗ ನಿಮ್ಮ ವೀರಸ್ವರ್ಗದ ಪ್ರಶ್ನೆ. ಎರಿಕ್, ಹಾಕನ್ ಸತ್ತ ಅದೇ ಹತ್ತನೆಯ ಶತಮಾನದಲ್ಲಿ ಕನ್ನಡ ನಾಡಿನಲ್ಲೂ ವೀರಗಲ್ಲುಗಳು ಸಾಲುಸಾಲಾಗಿ ನಿಲ್ಲುತ್ತಿದ್ದವು. ಸಾಮಾನ್ಯವಾಗಿ ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಒಯ್ಯುವುದು, ಮೇಲೆ ಶಿವಲಿಂಗದ ಸನ್ನಿಧಿ. ಸ್ವೀಡನ್ನಿನ ಗಾಟ್‌ಲ್ಯಾಂಡ್ ದ್ವೀಪದ ಚಿತ್ರಶಿಲೆಗಳನ್ನು ಕಂಡ ಕನ್ನಡಿಗರಿಗೆ ಇವು ನೆನಪಾಗದೆ ಇರಲಾರವು. ಶ್ಯಾಂಗ್‌ವೀದೆ ಶಿಲೆಯಲ್ಲಿ ಎಂಟು ಕಾಲಿನ ಕುದುರೆಯ ಮೇಲೆ ಸವಾರ ಬರುತ್ತಾನೆ, ಎದುರಿಗೆ ಹೆಂಗಸೊಬ್ಬಳು ಕೊಂಬಿನ ಪಾತ್ರೆ ಚಾಚುತ್ತಾಳೆ. ಎರಡು ಕಡೆಯೂ ಹೆಣ್ಣೇ ಎದುರುಗೊಳ್ಳುವವಳು. ಆದರೆ ನಮ್ಮ ವೀರ ಮೇಲಿನ ಪಟ್ಟಿಕೆ ಮುಟ್ಟಿದ ಮೇಲೆ ಅವನ ಕೆಲಸ ಮುಗಿಯಿತು, ಕೈಮುಗಿದು ಕೂರುತ್ತಾನೆ. ವಲ್ಹಲ್ಲಾದ ಯೋಧನ ಕೆಲಸ ಅಲ್ಲಿಂದ ಶುರುವಾಗುತ್ತದೆ, ಮತ್ತು ಕಡೆಯಲ್ಲಿ ಕಾದಿರುವುದು ಎರಡನೆಯ ಸಾವು. ಸ್ವರ್ಗ ಎಂಬ ಪದವನ್ನು ಅದಕ್ಕೆ ಅಂಟಿಸಿದರೆ ಇದೇ ಮರೆಯಾಗುತ್ತದೆ. ಕಾಯಂ ಸೈನ್ಯದ ಬಿಡಾರ ಎಂದರೆ ಹೆಚ್ಚು ಸರಿ.

ಇನ್ನು, ರಣದಲ್ಲಿ ಸತ್ತವರೆಲ್ಲ ಅಲ್ಲಿಗೆ ಹೋಗುತ್ತಲೂ ಇರಲಿಲ್ಲ. ಗ್ರಿಮ್ನಿಸ್ಮಾಲ್ ಸ್ಪಷ್ಟವಾಗಿ ಹೇಳುತ್ತದೆ: ದಿನವೂ ಬಿದ್ದವರಲ್ಲಿ ಅರ್ಧ ಜನರನ್ನು ಫ್ರೇಯಾ ದೇವಿ ಆರಿಸುತ್ತಾಳೆ, ಉಳಿದರ್ಧ ಓಡಿನ್‌ಗೆ. ಅವಳ ಬಯಲಿನ ಹೆಸರು ಫೋಲ್ಕ್‌ವಾಂಗ್. ಅಲ್ಲಿ ಏನು ನಡೆಯುತ್ತದೆ ಎಂದು ಕವಿಗಳು ವಿವರಿಸದ್ದರಿಂದ ಪರದೆಯ ಮೇಲೆ ಅದು ಬರುವುದೇ ಇಲ್ಲ. ಫ್ರೇಯಾಳ ಬಾಗಿಲು ಹೆಂಗಸರಿಗೂ ತೆರೆದಿತ್ತೆಂಬ ಸುಳಿವು ‘ಎಗಿಲ್ ಸಾಗಾ’ ಎಂಬ ಐಸ್‌ಲ್ಯಾಂಡಿನ ಹಳೆಯ ಗದ್ಯಕಥೆಯಲ್ಲಿದೆ. ಮಗ ಕಡಲಲ್ಲಿ ಮುಳುಗಿ ಸತ್ತ ದುಃಖಕ್ಕೆ ಎಗಿಲ್ ಅನ್ನ ಬಿಟ್ಟು ಕೋಣೆ ಸೇರಿದಾಗ ಮಗಳು ಥೋರ್ಗೆರ್ದ್ ಬಂದು, ಫ್ರೇಯಾಳ ಬಳಿ ಹೋಗುವವರೆಗೆ ತಾನೂ ಉಣ್ಣುವುದಿಲ್ಲ ಎನ್ನುತ್ತಾಳೆ. ಅವಳು ಯಾವ ಯುದ್ಧಕ್ಕೂ ಹೋದವಳಲ್ಲ.

ಹಾಸಿಗೆಯಲ್ಲಿ ಸತ್ತವರು ಹೆಲ್ ಎಂಬ ದೇವಿ ಆಳುವ, ಅವಳದೇ ಹೆಸರಿನ ಲೋಕಕ್ಕೆ ಹೋಗುತ್ತಾರೆ ಎಂದು ಸ್ನೋರಿ ಬರೆದ. ಅವಳ ತಟ್ಟೆಯ ಹೆಸರು ‘ಹಸಿವು’, ಚಾಕುವಿನ ಹೆಸರು ‘ಬರ’ ಎಂದೂ ಸೇರಿಸಿದ. ಇಂಗ್ಲಿಷಿನ ನರಕದ ಹೆಸರೂ ಇದೇ ಮೂಲದ್ದಾದ್ದರಿಂದ ಓದುಗರು ತಕ್ಷಣ ಯಮಯಾತನೆಯನ್ನು ಕಲ್ಪಿಸಿಕೊಳ್ಳುತ್ತಾರೆ. ಆದರೆ ಸ್ನೋರಿಯ ಪುಸ್ತಕವೇ ಅವನ ಮಾತಿಗೆ ಎದುರು ನಿಲ್ಲುತ್ತದೆ. ಓಡಿನ್‌ನ ಮಗ ಬಾಲ್ಡರ್ ಸತ್ತದ್ದು ಬಂದಣಿಕೆ ಗಿಡದ ಕಡ್ಡಿ ಎಸೆತಕ್ಕೆ ಸಿಕ್ಕಿ, ರೋಗದಿಂದಲ್ಲ. ಆದರೂ ಹೋದದ್ದು ಹೆಲ್‌ಗೆ, ಅದೂ ಅಲ್ಲಿನ ಗೌರವದ ಪೀಠಕ್ಕೆ. ಅವನ ಬರವಿಗಾಗಿ ಹೆಲ್‌ನ ಬೆಂಚುಗಳನ್ನು ಚಿನ್ನದಿಂದ ಅಲಂಕರಿಸಿ ಮದ್ಯ ಕಾಸಿಟ್ಟಿದ್ದರೆಂದು ಇನ್ನೊಂದು ಕಾವ್ಯ ಹೇಳುತ್ತದೆ. ಶಿಕ್ಷೆಯ ಜಾಗ ಬೇರೆ ಇತ್ತು. ಹಾವಿನ ಬೆನ್ನೆಲುಬಿನಿಂದ ಹೆಣೆದ, ಉತ್ತರಕ್ಕೆ ಬಾಗಿಲಿರುವ ನಾಸ್ಟ್ರೊಂಡ್ ಎಂಬ ಹಜಾರ. ಅದು ಮಾತಿಗೆ ತಪ್ಪಿದವರಿಗೆ, ಕೊಲೆಗಡುಕರಿಗೆ. ಹೇಗೆ ಸತ್ತ ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಹಾಸಿಗೆಯಲ್ಲಿ ಸಾಯುವವನಿಗೆ ಒಂದು ಉಪಾಯವೂ ಇತ್ತು. ಓಡಿನ್‌ನನ್ನು ಹಿಂದಿನ ಕಾಲದ ರಾಜನೆಂದು ವರ್ಣಿಸುವ ‘ಯಿಂಗ್ಲಿಂಗ ಸಾಗಾ’ದ ಪ್ರಕಾರ ಸ್ವೀಡನ್ನಿನಲ್ಲಿ ಕಾಯಿಲೆಯಿಂದ ಸಾಯುತ್ತಿದ್ದ ಅವನು ಭರ್ಜಿಯ ಮೊನೆಯಿಂದ ತನ್ನ ಮೈಮೇಲೆ ಗುರುತು ಮಾಡಿಸಿಕೊಂಡ, ಅವನ ನಂತರ ಆಳಿದ ನ್ಯೋರ್ದ್ ಕೂಡ ಹಾಗೇ ಮಾಡಿಸಿಕೊಂಡ. ಗಾಯ ಮುಖ್ಯ ಎಂದು ಮೊದಲು ಹೇಳಿದ್ದು ಇದಕ್ಕೇ.

ಉಳಿದವರಿಗೆ ಊರಿಗೊಂದು ದಾರಿ. ಕಡಲಲ್ಲಿ ಮುಳುಗಿದವರನ್ನು ರಾನ್ ಎಂಬ ದೇವಿ ಬಲೆ ಬೀಸಿ ಎಳೆದುಕೊಳ್ಳುತ್ತಾಳೆ. ಪಶ್ಚಿಮ ಐಸ್‌ಲ್ಯಾಂಡಿನ ಥೋರೊಲ್ಫ್ ಮನೆತನದವರು ಸತ್ತ ಮೇಲೆ ಹೆಲ್ಗಾಫೆಲ್ ಗುಡ್ಡದೊಳಕ್ಕೆ ಹೋಗುತ್ತೇವೆಂದು ನಂಬಿದ್ದರು. ಥೋರೊಲ್ಫ್‌ನ ಮಗ ಥೋರ್‌ಸ್ಟೆಯ್ನ್ ಮೀನಿಗೆ ಹೋಗಿದ್ದ ರಾತ್ರಿ ಕುರುಬನೊಬ್ಬ ಗುಡ್ಡದ ಉತ್ತರದ ಮಗ್ಗುಲು ತೆರೆದದ್ದನ್ನು, ಒಳಗೆ ಬೆಂಕಿ ಉರಿಯುತ್ತಿದ್ದುದನ್ನು ಕಂಡ. ಥೋರ್‌ಸ್ಟೆಯ್ನ್‌ನನ್ನೂ ಅವನ ಸಂಗಡಿಗರನ್ನೂ ಸ್ವಾಗತಿಸುವ ಸದ್ದು ಕೇಳಿದ. ಬೆಳಗಾದ ಮೇಲೆ ಅವರು ಮುಳುಗಿದ ಸುದ್ದಿ ಬಂತು. ‘ಗಿಸ್ಲಿ ಸಾಗಾ’ದಲ್ಲಿ ಕೊಲೆಯಾದವನ ಕಾಲಿಗೆ ‘ಹೆಲ್-ಪಾದರಕ್ಷೆ’ ಕಟ್ಟುವಾಗ, ವಲ್ಹಲ್ಲಾಕ್ಕೆ ನಡೆದು ಹೋಗಲು ಇದನ್ನು ಕಟ್ಟುವುದು ಪದ್ಧತಿ ಎನ್ನುತ್ತಾರೆ. ಪಾದರಕ್ಷೆ ಹೆಲ್‌ನದು, ದಾರಿ ವಲ್ಹಲ್ಲಾದ್ದು. ಹೆಲ್ಗಿಯಂತೂ ವಲ್ಹಲ್ಲಾದಲ್ಲಿದ್ದವನು ಒಂದು ರಾತ್ರಿ ತನ್ನ ಸಮಾಧಿ ದಿಬ್ಬಕ್ಕೆ ಮರಳಿ ಬಂದು ಹೆಂಡತಿ ಸಿಗ್ರೂನ್ ಜೊತೆ ಮಲಗುತ್ತಾನೆ, ಅಲ್ಲಿನ ಕೋಳಿ ಕೂಗಿ ಯೋಧರನ್ನು ಎಬ್ಬಿಸುವ ಮೊದಲೇ ಹೊರಡುತ್ತಾನೆ. ಒಬ್ಬನೇ ಸತ್ತವನು ಹಜಾರದಲ್ಲೂ ದಿಬ್ಬದಲ್ಲೂ ಇರಬಹುದಿತ್ತು. ಇವನ್ನೆಲ್ಲ ಒಂದೇ ನಕ್ಷೆಯಲ್ಲಿ ಕೂರಿಸಲು ಹೋದಾಗ ಕಷ್ಟವಾಗುತ್ತದೆ. ಅವರಿಗೆ ಒಂದೇ ಧರ್ಮಗ್ರಂಥ ಇರಲಿಲ್ಲ, ಒಂದೇ ನಕ್ಷೆಯೂ ಇರಲಿಲ್ಲ.

ಕಣ್ಣಾರೆ ಕಂಡವರ ಸಾಕ್ಷ್ಯ ಒಂದಿದೆ. ಬಾಗ್ದಾದಿನ ಖಲೀಫನ ದೂತನಾಗಿ ಬಂದಿದ್ದ ಇಬ್ನ್ ಫದ್ಲಾನ್ 922ರಲ್ಲಿ ವೋಲ್ಗಾ ನದಿಯ ದಡದಲ್ಲಿ ರೂಸ್ ಎಂಬ ಉತ್ತರದ ವರ್ತಕರ ಮುಖ್ಯನ ಅಂತ್ಯಕ್ರಿಯೆ ನೋಡಿದ. ಹೆಣವನ್ನು ಹತ್ತು ದಿನ ತಾತ್ಕಾಲಿಕ ಕುಳಿಯಲ್ಲಿಟ್ಟರು. ಆಸ್ತಿಯಲ್ಲಿ ಮೂರನೆಯ ಒಂದು ಪಾಲು ಮನೆಯವರಿಗೆ, ಒಂದು ಪಾಲು ಹೆಣದ ಉಡುಪಿಗೆ, ಒಂದು ಪಾಲು ಮದ್ಯಕ್ಕೆ. ಹಡಗನ್ನು ದಡಕ್ಕೆಳೆದು ಸೌದೆಯ ಮೇಲೆ ನಿಲ್ಲಿಸಿದರು. ಆಯುಧ, ರೊಟ್ಟಿ, ಮಾಂಸ, ಈರುಳ್ಳಿ ಇಟ್ಟರು. ನಾಯಿ, ಎರಡು ಕುದುರೆ, ಎರಡು ಹಸು, ಕೋಳಿಗಳನ್ನು ಕಡಿದು ಹಾಕಿದರು. ಅವನೊಡನೆ ಸಾಯಬೇಕಿದ್ದ ದಾಸಿಯನ್ನು ಬಾಗಿಲ ಚೌಕಟ್ಟಿನಂಥದರ ಮೇಲೆ ಮೂರು ಸಲ ಎತ್ತಿದರು. ಅಪ್ಪ-ಅಮ್ಮನನ್ನು ಕಂಡೆ ಎಂದಳು. ಸತ್ತ ಬಂಧುಗಳನ್ನೆಲ್ಲ ಕಂಡೆ ಎಂದಳು. ಕಡೆಗೆ ಹಸಿರಾದ ಸುಂದರ ಸ್ವರ್ಗದಲ್ಲಿ ಕುಳಿತ ಒಡೆಯ ಕರೆಯುತ್ತಿದ್ದಾನೆ ಎಂದಳು. ಆಮೇಲೆ ಅವಳನ್ನು ಕೊಂದರು. ಆ ಹುಡುಗಿಯ ಮಾತನ್ನು ನಿಧಾನವಾಗಿ ಓದಬೇಕು. ಆ ಮುಖ್ಯನು ಯುದ್ಧದಲ್ಲಿ ಸತ್ತನೆಂದು ಎಲ್ಲೂ ಹೇಳಿಲ್ಲ. ಅವಳು ಕಂಡ ಜಾಗದಲ್ಲಿ ಗುರಾಣಿಯ ಮಾಡಿಲ್ಲ, ಅಂಗಳದ ಕಾಳಗವಿಲ್ಲ. ಹಸಿರಿದೆ, ಅಪ್ಪ-ಅಮ್ಮ ಇದ್ದಾರೆ.

ನೆಲದಡಿಯ ಸಾಕ್ಷ್ಯವೂ ಒಂದೇ ಬಗೆಯದಲ್ಲ. ಎಸ್ಟೋನಿಯಾದ ಸಾಲ್ಮೆಯಲ್ಲಿ ಸಿಕ್ಕ, 750ರ ಸುಮಾರಿನ ಎರಡು ಹಡಗುಗಳಲ್ಲಿ 41 ಗಂಡಸರಿದ್ದರು, ಒಂದರಲ್ಲಿ ಏಳು, ಇನ್ನೊಂದರಲ್ಲಿ ಮೂವತ್ತನಾಲ್ಕು. ಕತ್ತಿಗಳು, ಪಗಡೆಯಂಥ ಆಟದ ಕಾಯಿಗಳು, ಹೆಣಗಳ ಮೇಲೆ ಹೊದಿಸಿದ ಗುರಾಣಿಗಳು. ವಲ್ಹಲ್ಲಾದ ಮಾಡು ನೆನಪಾಗುವುದು ಸಹಜ. ಸ್ವೀಡನ್ನಿನ ಬಿರ್ಕಾದಲ್ಲಿ 1878ರಲ್ಲಿ ತೆರೆದ ಸಮಾಧಿಯಲ್ಲಿ ಕತ್ತಿ, ಕೊಡಲಿ, ಭರ್ಜಿ, ಬಾಣ, ಎರಡು ಕುದುರೆ ಎಲ್ಲ ಇದ್ದವು. ಅಲ್ಲಿ ಮಲಗಿದ್ದದ್ದು ಹೆಣ್ಣು ಎಂದು 2017ರಲ್ಲಿ ಡಿಎನ್‌ಎ ಪರೀಕ್ಷೆ ತೋರಿಸಿತು. ಡೆನ್ಮಾರ್ಕಿನ ಲಿಂಡ್‌ಹೋಲ್ಮ್ ಹೊಯ್ಯೆಯ ಸುಮಾರು 700 ಸಮಾಧಿಗಳಲ್ಲಿ ಹೆಚ್ಚಿನವು ಸುಟ್ಟ ಬೂದಿಯ ಸುತ್ತ ಜೋಡಿಸಿದ ಕಲ್ಲುಗಳು, ಹಲವು ಹಡಗಿನ ಆಕಾರದಲ್ಲಿ. ವೈಕಿಂಗ್ ಕಾಲದ ಬಹುಪಾಲು ಜನ ರೈತರು, ಮೀನುಗಾರರು. ವಲ್ಹಲ್ಲಾ ರಾಜರ, ಅವರ ಅಂಗರಕ್ಷಕರ, ಅವರ ಅನ್ನ ಉಂಡ ಕವಿಗಳ ನಂಬಿಕೆ ಎಂದು ತಿಳಿದರೆ ಮೇಲಿನ ಗೊಂದಲಗಳಲ್ಲಿ ಬಹಳಷ್ಟು ತಿಳಿಯಾಗುತ್ತವೆ.

ಕಡೆಯದಾಗಿ, ಸಾವಿನ ಭಯ. ರಾಜನ ಪಕ್ಕದಲ್ಲಿ ನಿಂತು ಸಾಯಲು ಪ್ರಮಾಣ ಮಾಡಿದ ಯೋಧನಿಗೆ ವಲ್ಹಲ್ಲಾ ಧೈರ್ಯ ಕೊಟ್ಟಿರಬಹುದು. ಆದರೆ ಅದೇ ಓಡಿನ್‌ನ ಬಾಯಲ್ಲಿ ಬರುವ ‘ಹಾವಮಾಲ್’ ಎಂಬ ನೀತಿಪದ್ಯಗಳ ಮಾತೇ ಬೇರೆ. ಕುಂಟನು ಕುದುರೆ ಏರಬಹುದು, ಕೈಯಿಲ್ಲದವನು ಮಂದೆ ಕಾಯಬಹುದು, ಚಿತೆಯ ಮೇಲೆ ಸುಡುವುದಕ್ಕಿಂತ ಕುರುಡನಾಗಿರುವುದೇ ಮೇಲು, ಹೆಣದಿಂದ ಯಾರಿಗೂ ಪ್ರಯೋಜನವಿಲ್ಲ ಎನ್ನುತ್ತದೆ ಅದು. ದನ ಸಾಯುತ್ತವೆ, ನೆಂಟರು ಸಾಯುತ್ತಾರೆ, ನೀನೂ ಸಾಯುತ್ತೀ, ಒಳ್ಳೆಯ ಹೆಸರು ಮಾತ್ರ ಸಾಯುವುದಿಲ್ಲ ಎಂಬ ಸಾಲು ಅದರಲ್ಲಿಯೇ ಇದೆ. ಅಲ್ಲಿ ಯಾವ ಹಜಾರದ ಆಸೆಯನ್ನೂ ತೋರಿಸಿಲ್ಲ. ಹಾಕನ್‌ನ ಚರಮಗೀತೆ ಕೂಡ ಮುಗಿಯುವುದು ವಲ್ಹಲ್ಲಾದ ಸಂಭ್ರಮದಲ್ಲಲ್ಲ. ದನ ಸಾಯುತ್ತವೆ, ನೆಂಟರು ಸಾಯುತ್ತಾರೆ ಎಂಬ ಅದೇ ಸಾಲಿನಿಂದ ಕೊನೆಯ ಪದ್ಯ ಎತ್ತಿಕೊಂಡು, ನೆಲವೂ ನಾಡೂ ಹಾಳಾಗುತ್ತವೆ, ಹಾಕನ್ ದೇವರ ಬಳಿಗೆ ಹೋದ ಮೇಲೆ ಇಲ್ಲಿ ಜನ ಗುಲಾಮರಾದರು ಎಂದು ಕವಿ ಎಯ್ವಿಂಡ್ ಹೇಳುತ್ತಾನೆ.